ಕೇಬಲ್ ಕಡಿದ ಚಳಿಗಾಲ

ಫೋವಾ, ಹಾಅಪೈ ದ್ವೀಪಗಳು, ಟೋಂಗಾ
ಜುಲೈ 9

ಸಟೇಕಿ,

ನಿನಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಮದುವೆಗೆ ಮುಂಚೆಯೂ ಬರೆದವಳಲ್ಲ. ಆಗ ನೀನು ಹತ್ತಿರದ ದ್ವೀಪದಲ್ಲೇ ಇದ್ದೆ, ಬೇಕೆನಿಸಿದಾಗ ದೋಣಿಯಲ್ಲಿ ಬಂದು ಬೇಲಿಯ ಹತ್ತಿರ ಸಿಳ್ಳೆ ಹಾಕುತ್ತಿದ್ದೆ.

ಸುದ್ದಿ ನಿನಗೆ ತಿಳಿದೇ ಇರುತ್ತದೆ. ಭೂಮಿ ನಡುಗಿ ಸಮುದ್ರದಡಿಯ ಕೇಬಲ್ ಕಡಿದುಹೋಗಿದೆ. ನಮ್ಮ ದ್ವೀಪಗಳಿಗೆ ಈಗ ನೆಟ್ ಇಲ್ಲ. ಪಂಗಾಯ್ ಪೇಟೆಯ ಟೆಲಿಫೋನ್ ಕಚೇರಿಯಲ್ಲಿ ಉಪಗ್ರಹದ ಒಂದು ಲೈನ್ ಇದೆ. ಅದು ಆಸ್ಪತ್ರೆಗೆ, ಪೊಲೀಸರಿಗೆ, ಸತ್ತ ಸುದ್ದಿ ತಿಳಿಸುವುದಕ್ಕೆ. ಆಸ್ಟ್ರೇಲಿಯಾದಲ್ಲಿರುವ ಗಂಡನ ಜೊತೆ ಅರ್ಧಕ್ಕೆ ನಿಂತ ಜಗಳ ಮುಗಿಸಬೇಕು ಅಂದರೆ ಕೊಡುವುದಿಲ್ಲ. ಕೇಳಿ ನೋಡಿದೆ ಎಂದುಕೊಳ್ಳಬೇಡ. ಕೇಳಲಿಲ್ಲ.

ರಿಪೇರಿ ಹಡಗು ಬರುವುದಕ್ಕೆ ತಿಂಗಳುಗಳೇ ಬೇಕಂತೆ. ಪಾದ್ರಿಯವರ ಮಗಳು ನಾಳೆ ರಾಜಧಾನಿಗೆ ಹೋಗಿ ಅಲ್ಲಿಂದ ಮೆಲ್ಬರ್ನಿಗೆ ವಿಮಾನ ಹತ್ತುತ್ತಾಳೆ. ಇದನ್ನು ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ. ನಾನಾಗಿ ಬರೆಯುತ್ತಿರಲಿಲ್ಲ. ಅತ್ತೆ ಬಿಡಲಿಲ್ಲ. "ಅವನು ಅಲ್ಲಿ ಏನಾಯ್ತೋ ಅಂತ ಒದ್ದಾಡ್ತಿರ್ತಾನೆ ಕಣೇ. ಸಿಟ್ಟು ಆಮೇಲೆ ಮಾಡ್ಕೋ. ಮೊದ್ಲು ಬದುಕಿದೀವಿ ಅಂತ ಬರಿ" ಎಂದರು.

ಬದುಕಿದ್ದೇವೆ. ಅಡುಗೆಮನೆಯ ತಗಡು ಜಾರಿತ್ತು, ನನ್ನ ತಮ್ಮ ಬಂದು ಹೊಡೆದುಕೊಟ್ಟ. ಹಂದಿ ಹೆದರಿ ಬೇಲಿ ಮುರಿದುಕೊಂಡು ಹೋಗಿ ಪಾದ್ರಿಯವರ ಮರಗೆಣಸು ತಿಂದಿತು. ಅತ್ತೆಯ ಮಂಡಿನೋವು ಇದ್ದ ಹಾಗೇ ಇದೆ.

ಜಗಳದ ವಿಷಯ ನೀನು ಮರೆತಿದ್ದರೆ ನೆನಪಿಸುತ್ತೇನೆ. ಭಾನುವಾರ ಊರೆಲ್ಲ ಚರ್ಚಿನಲ್ಲಿರುವ ಹೊತ್ತಿನಲ್ಲಿ ಫೋನಿನಲ್ಲಿ ನನ್ನ ಹೆಸರಿನ ಪಕ್ಕ ಹಸಿರು ಚುಕ್ಕೆ ಉರಿಯುತ್ತಿತ್ತು, ಯಾರ ಜೊತೆ ಮಾತಾಡುತ್ತಿದ್ದೆ ಎಂದು ನೀನು ಕೇಳಿದೆ. ನಿನ್ನ ಬೆನ್ನ ಹಿಂದೆ ನಗುತ್ತಿರುವ ಹೆಂಗಸು ಯಾರು ಎಂದು ನಾನು ಕೇಳಿದೆ. ಇಬ್ಬರಲ್ಲಿ ಒಬ್ಬರೂ ಉತ್ತರ ಕೊಡಲಿಲ್ಲ. ಆಮೇಲೆ ನಿನ್ನ ಮುಖ ಬಾಯಿ ತೆರೆದುಕೊಂಡೇ ನಿಂತುಬಿಟ್ಟಿತು. ನೆಟ್ ಸಿಕ್ಕಿಹಾಕಿಕೊಂಡಿತು ಅಂದುಕೊಂಡೆ. ಅಷ್ಟರಲ್ಲಿ ಫೋನ್ ಒರಗಿಸಿಟ್ಟಿದ್ದ ಉಪ್ಪಿನ ಡಬ್ಬಿ ಅಲುಗಾಡತೊಡಗಿತು.

ನೆಟ್ ಹೋದ ಮೊದಲ ದಿನ, ನಿಜ ಹೇಳುತ್ತೇನೆ, ಹಾಯೆನಿಸಿತು. ಎಲ್ಲಿ ಹೋದೆ, ಯಾಕೆ ತಡ, ನೋಡಿಯೂ ಯಾಕೆ ಉತ್ತರಿಸಲಿಲ್ಲ, ಯಾರೂ ಕೇಳಲಿಲ್ಲ. ಕೆಲವು ದಿನ ಕಳೆದ ಮೇಲೆ ಒಲೆ ಮುಂದೆ ಕೂತಿದ್ದವಳು ಉಪ್ಪಿನ ಡಬ್ಬಿಯ ಕಡೆ ತಿರುಗಿ "ಇವತ್ತು ಮೀನು ಸಿಗ್ಲಿಲ್ಲ" ಎಂದೆ. ಅಲ್ಲಿ ಯಾರೂ ಇರಲಿಲ್ಲ.

ಇಷ್ಟೇ ಬರೆಯುವುದು.

ಇಲೈಸಾನೆ


ಶೆಪ್ಪರ್ಟನ್, ಆಸ್ಟ್ರೇಲಿಯಾ
ಜುಲೈ 27

ಕರ್ತನಲ್ಲಿ ಪ್ರಿಯಳಾದ ಇಲೈಸಾನೆಗೆ, ಸಮುದ್ರಗಳಾಚೆಯಿಂದ ನಿನ್ನ ಗಂಡನು ಬರೆಯುವದೇನಂದರೆ:

ನಿನಗೂ ನನ್ನ ತಾಯಿಗೂ ಕೃಪೆಯೂ ಶಾಂತಿಯೂ ಉಂಟಾಗಲಿ. ನಿನ್ನ ಪತ್ರವು ಕೈಸೇರಿತು. ನೀವು ಕ್ಷೇಮವೆಂದು ಓದಿ ನನ್ನ ಹೃದಯವು ಬೆಳಗಿನ ಇಬ್ಬನಿಯನ್ನು ಕುಡಿದ ಹುಲ್ಲಿನಂತೆ ತಲೆಯೆತ್ತಿತು. ಭೂಮಿ ನಡುಗಿದ ಸುದ್ದಿ ಬಂದಾಗಿನಿಂದ ನಾನು ಊಟವನ್ನು ಸರಿಯಾಗಿ ಮಾಡಿದವನಲ್ಲ.

ಇಲ್ಲಿ ಚಳಿ ಬಹಳ. ಬೆಳಿಗ್ಗೆ ತೋಟದ ಹುಲ್ಲೆಲ್ಲ ಬೆಳ್ಳಗೆ ಗಟ್ಟಿಯಾಗಿರುತ್ತದೆ. ಉಳಿದವರು ಮರಸೇಬಿನ ಗಿಡಗಳ ಕೊಂಬೆ ಕತ್ತರಿಸುತ್ತಿದ್ದಾರೆ. ನಾನು ಸದ್ಯಕ್ಕೆ ಹಣ್ಣು ವಿಂಗಡಿಸುವ ಶೆಡ್ಡಿನಲ್ಲಿದ್ದೇನೆ, ಒಳಗೆ ಬೆಚ್ಚಗಿರುತ್ತದೆಂದು ನಾನೇ ಕೇಳಿಕೊಂಡೆನು. ಕ್ಯಾಬಿನ್ನಿನಲ್ಲಿರುವ ರಾಜಧಾನಿ ಕಡೆಯ ಹುಡುಗರ ಮನೆಗಳಲ್ಲಿ ನೆಟ್ ಇದೆ. ಸಂಜೆಯಾದರೆ ಅವರು ಒಬ್ಬೊಬ್ಬರೂ ಒಂದೊಂದು ಮೂಲೆ ಹಿಡಿದು ಹೆಂಡತಿಯರೊಡನೆ ಮಾತನಾಡುತ್ತಾರೆ. ಹಾಅಪೈಯವರಾದ ನಾವು ಸುಮ್ಮನೆ ಪಾತ್ರೆ ತೊಳೆಯುತ್ತೇವೆ. ಪಾತ್ರೆಗಳು ಇಷ್ಟು ಶುಭ್ರವಾಗಿ ಎಂದೂ ಇದ್ದದ್ದಿಲ್ಲ.

ನೀನು ಕೇಳಿದ ನಗು ಲೋಸಲಿನೆಯವರದು. ಆಕೆ ಇಲ್ಲಿಯ ನಮ್ಮ ಸಭೆಯ ಹಿರಿಯರಾದ ಕೆಲೆಪಿಯವರ ಪತ್ನಿ. ಸದ್ಗುಣವತಿ, ಸಾಧ್ವಿ, ಅಡುಗೆಯಲ್ಲಿ ನಿಪುಣೆ. ಆಕೆಯ ಕುರಿತು ಯಾರೂ ಎರಡು ಮಾತನಾಡಲಾರರು. ಬುಧವಾರಗಳಲ್ಲಿ ನಮಗೆ ಸಾರು ತಂದುಕೊಡುವರು.

ಇನ್ನು ನನ್ನ ಪ್ರಶ್ನೆಗೆ ನೀನು ಉತ್ತರ ಬರೆಯಲಿಲ್ಲ. ಚರ್ಚಿನ ಹೊತ್ತಿನಲ್ಲಿ ಹಸಿರು ಚುಕ್ಕೆ ಯಾಕೆ ಉರಿಯುತ್ತಿತ್ತು? ಒಂದು ಭಾನುವಾರವಲ್ಲ, ಎಷ್ಟೋ ಭಾನುವಾರ. ಇದನ್ನು ಕೇಳದೆ ಇರಲಾರೆ. ನಾನು ಕೆಟ್ಟದ್ದನ್ನು ನಂಬುವವನಲ್ಲ, ಆದರೆ ನನಗೆ ನಿದ್ದೆ ಬರುವುದಿಲ್ಲ.

ಮೂಡಣದ ನಕ್ಷತ್ರವು ನಾವಿಕನಿಗೆ ಹೇಗೋ ಹಾಗೆ ನೀನು ನನಗೆ.

ನಿನ್ನ ನಂಬಿಗಸ್ತನಾದ ಗಂಡ,
ಸಟೇಕಿ


ಫೋವಾ
ಆಗಸ್ಟ್ 14

ಸಟೇಕಿ,

ಇದು ನಿನ್ನ ಅಕ್ಷರವಲ್ಲ.

ನಿನ್ನ ಅಕ್ಷರ ನನಗೆ ಗೊತ್ತು. ಹೊರಡುವ ಮುಂಚೆ ಕೊಟ್ಟಿಗೆಯ ಗೋಡೆ ಮೇಲೆ ಹಂದಿಗೆ ಏನೇನು ಹಾಕಬೇಕು ಎಂದು ಇದ್ದಿಲಿನಲ್ಲಿ ಬರೆದು ಹೋಗಿದ್ದೀಯ, ದಿನವೂ ನೋಡುತ್ತೇನೆ. ಅಕ್ಷರಗಳು ಏಡಿಗಳ ಹಾಗೆ ಓರೆಯಾಗಿ ಓಡುತ್ತವೆ. ನೀನು ಕಳಿಸಿದ ಕಾಗದದಲ್ಲಿ ಎಲ್ಲವೂ ಭಾನುವಾರದ ಬಟ್ಟೆ ಹಾಕಿಕೊಂಡು ಸಾಲಾಗಿ ನಿಂತಿವೆ. ನನ್ನನ್ನು ಮೂಡಣದ ನಕ್ಷತ್ರ ಎಂದು ನೀನು ಕರೆದದ್ದುಂಟೇ? ಮದುವೆಯ ದಿನ ನಿನ್ನ ಬಾಯಿಂದ ಬಂದ ದೊಡ್ಡ ಮಾತೆಂದರೆ "ಚೆನ್ನಾಗ್ ಕಾಣ್ತೀಯ, ಬಿಸ್ಲಿಗೆ ಬರ್ಬೇಡ" ಎಂಬುದು.

ಬರೆದವರು ಯಾರೆಂದು ನಾನು ಊಹಿಸಬಲ್ಲೆ. ಆ ಲೋಸಲಿನೆ. ತನ್ನನ್ನು ತಾನೇ ಸಾಧ್ವಿ, ನಿಪುಣೆ ಎಂದು ಬರೆದುಕೊಳ್ಳಲು ಅವಳಿಗೆ ನಾಚಿಕೆಯಾಗಲಿಲ್ಲವೇ? ನಮ್ಮಿಬ್ಬರ ಮಾತಿನ ನಡುವೆ ಅವಳು ಯಾಕೆ ಕೂತಳು? ಹಸಿರು ಚುಕ್ಕೆಯ ವಿಷಯವನ್ನೂ ಅವಳ ಕೈಯಲ್ಲೇ ಬರೆಸಿದೆಯಲ್ಲ, ಅದನ್ನು ಬರೆಯುವಾಗಲೂ ಅವಳು ನಕ್ಕಳೇ?

ಅತ್ತೆಗೆ ಓದಿ ಹೇಳುವಾಗ ಆ ಚುಕ್ಕೆಯ ಸಾಲು ಬಂದದ್ದೇ ತಡ, ಅವರು ಚಾಪೆಯ ಅಂಚು ಹಿಡಿದುಕೊಂಡರು. ಇನ್ನು ಮುಚ್ಚಿಡಲು ಸಾಧ್ಯವಿಲ್ಲ, ಅವರೇ ಒಪ್ಪಿಗೆ ಕೊಟ್ಟಿದ್ದಾರೆ, ಬರೆಯುತ್ತೇನೆ. ಅದು ನಿನ್ನ ಅಮ್ಮ. ಮಂಡಿನೋವೆಂದು ಚರ್ಚಿಗೆ ಬರುವುದಿಲ್ಲವಲ್ಲ, ನಾನು ಆಚೆ ಹೋದ ಕೂಡಲೇ ನನ್ನ ಫೋನ್ ತೆಗೆದುಕೊಂಡು ಬಣ್ಣಬಣ್ಣದ ಮಿಠಾಯಿ ಒಡೆಯುವ ಆಟ ಆಡುತ್ತಾರೆ. ಭಾನುವಾರ! ಒಲೆ ಕೂಡ ಹೊಸದಾಗಿ ಹಚ್ಚಬಾರದು ಎಂದು ನನಗೆ ಹೇಳುವವರು. "ಪಾದ್ರಿಗೆ ಗೊತ್ತಾದ್ರೆ ನಾನು ಮುಖ ಎಲ್ಲಿಡ್ಲಿ? ಅವನಿಗೂ ಹೇಳ್ಬೇಡ ಕಣೇ, ಅವನು ಕ್ಯಾಬಿನ್ನಿಗೆಲ್ಲ ಸಾರಿಬಿಡ್ತಾನೆ" ಎಂದು ನನ್ನ ಕೈ ಹಿಡಿದು ಕೇಳಿಕೊಂಡಿದ್ದರು.

ಹೇಳಬಹುದಿತ್ತು. ಆದರೆ ನೀನು ಪೊಲೀಸಿನವನ ಹಾಗೆ ಕೇಳಿದೆ. ಹಾಗೆ ಕೇಳಿದವನಿಗೆ ಹೇಳಬೇಕೆನಿಸಲಿಲ್ಲ.

ಮೊದಲ ವರ್ಷ ನೀನು ಹೋದಾಗ ಒಳ್ಳೆಯ ಫೋನ್ ಇರಲಿಲ್ಲ, ನೆನಪಿದೆಯೇ? ಶನಿವಾರ ಒಂದು ಸಲ ಕಾರ್ಡು ಹಾಕಿ ಮಾತಾಡುತ್ತಿದ್ದೆ. ವಾರವಿಡೀ ನಾನು ಮಾತು ಕೂಡಿಡುತ್ತಿದ್ದೆ, ಇದನ್ನು ಹೇಳಬೇಕು, ಅದನ್ನು ಹೇಳಬೇಕು ಎಂದು. ಆಮೇಲೆ ನೀನು ಈ ಫೋನ್ ಕಳಿಸಿದೆ. ನನ್ನ ಒಲೆಯ ಪಕ್ಕ ದಿನವಿಡೀ ನೀನು, ನಿನ್ನ ಕಿಟಕಿಯಲ್ಲಿ ದಿನವಿಡೀ ನಾನು. ಮೊದಮೊದಲು ಊರಿನ ಹೆಂಗಸರೆಲ್ಲ ನನ್ನ ನೋಡಿ ಹೊಟ್ಟೆಕಿಚ್ಚುಪಟ್ಟರು. ಈಗ ನೋಡು. "ಏನ್ ಮಾಡ್ತಿದೀಯ?" "ಏನಿಲ್ಲ." "ಊಟ ಆಯ್ತಾ?" "ಹ್ಞೂಂ." ಮಾರ್ಚಿನಿಂದ ನೀನು ಶನಿವಾರ ಗಿಟಾರ್ ಹಿಡಿದು ಹಾಡುವುದನ್ನೂ ನಿಲ್ಲಿಸಿದೆ. ಪಕ್ಕದ ಕ್ಯಾಬಿನ್ನಿನವರು ಬೈಯುತ್ತಾರೆ ಅಂದೆ. ನಾನು ನಂಬಲಿಲ್ಲ. ಹಾಡುವುದಕ್ಕೆ ಬೇರೆ ಯಾರೋ ಸಿಕ್ಕಿರಬೇಕು ಅಂದುಕೊಂಡೆ.

ನಿನಗೆ ನಾನು ಬೇಕಿದ್ದರೆ ನಿನ್ನ ಕೈಯಲ್ಲೇ ಬರೆ. ಎರಡೇ ಸಾಲಾದರೂ ಸರಿ, ಏಡಿ ಅಕ್ಷರವೇ ಆಗಲಿ. ಬೇರೆಯವರ ಕೈಯಲ್ಲಿ ಇನ್ನೊಂದು ಕಾಗದ ಬಂದರೆ ಬಿಚ್ಚಿ ನೋಡುವುದಿಲ್ಲ.

ಇಲೈಸಾನೆ


ಶೆಪ್ಪರ್ಟನ್
ಆಗಸ್ಟ್ 30

ಸಾನೆ,

ಇದು ನನ್ನ ಎಡಗೈ. ತಪ್ಪಿದ್ದರೆ ತಿದ್ದಿ ಓದಿಕೋ.

ಹೋದ ಸಲ ಬರೆದದ್ದು ಕೆಲೆಪಿ ಚಿಕ್ಕಪ್ಪ. ಲೋಸಲಿನೆ ಅಲ್ಲ. ಸಾಧ್ವಿ ಅಂತ ಹೆಂಡತಿಯನ್ನು ಹೊಗಳಿದ್ದೂ ಅವರೇ. ನಾನು ಹೇಳಿರಲಿಲ್ಲ. ನಿನ್ನ ಕಾಗದ ಓದಿ ಹೇಳಿದೆ. ಅವರಿಬ್ಬರೂ ನಕ್ಕು ನಕ್ಕು ಅತ್ತರು. ನಾನು ನಗಲಿಲ್ಲ.

ಅಮ್ಮನ ಆಟದ ವಿಷಯಕ್ಕೆ ಮಾತ್ರ ನಕ್ಕೆ. ನಾನು ಆ ಚುಕ್ಕೆಯ ಹಿಂದೆ ಒಬ್ಬ ಗಂಡಸನ್ನು ಕೂರಿಸಿದ್ದೆ. ಅವನಿಗೆ ಹೆಸರು, ಬೈಕು ಎಲ್ಲಾ ಇತ್ತು. ಕ್ಷಮಿಸು.

ಬಲಗೈ. ಮಾರ್ಚಿನಲ್ಲಿ, ಹಣ್ಣು ಕೀಳುವಾಗ. ತುಂಬಿದ ಪೆಟ್ಟಿಗೆ ಟ್ರ್ಯಾಕ್ಟರಿನಿಂದ ಜಾರಿತು. ಕೈ ಅಡಿಗೆ ಸಿಕ್ಕಿತು. ತಪ್ಪು ನನ್ನದೇ, ಕೈ ಇಡಬಾರದಿತ್ತು. ಆಸ್ಪತ್ರೆಯಲ್ಲಿ ಚೆನ್ನಾಗಿ ನೋಡಿದರು. ಬೆರಳು ಹೋಗಿಲ್ಲ, ಇವೆ. ಎರಡು ಮಡಚುವುದಿಲ್ಲ. ಪೆನ್ನು ಹಿಡಿಯಲಾಗುವುದಿಲ್ಲ. ಗಿಟಾರೂ ಅಷ್ಟೆ. ಲೋಸಲಿನೆ ನರ್ಸು. ಬುಧವಾರ ಸಾರು ತಂದು ಪಟ್ಟಿ ಬದಲಿಸುತ್ತಾರೆ. ನೀನು ನಗು ಕೇಳಿದ ದಿನ ನಾನು ನೋವಿಗೆ ಕೆಟ್ಟ ಮಾತು ಆಡಿದ್ದೆ, ಅದಕ್ಕೆ ನಕ್ಕರು.

ಫೋನಿನಲ್ಲಿ ಮುಖ ಮಾತ್ರ ತೋರಿಸಿದೆ. ಕೈ ಮೇಜಿನ ಕೆಳಗೆ. ಅದು ಸುಲಭ ಸಾನೆ. ತುಂಬ ಸುಲಭ.

ಆದ ದಿನವೇ ಹೇಳಬೇಕೆಂದು ಫೋನ್ ಮಾಡಿದ್ದೆ. "ಸಾನೆ, ಇವತ್ತು ತೋಟದಲ್ಲಿ ಒಂದು" ಅಂದೆ. ನೀನು ಹ್ಞೂಂ ಅಂದೆ. ನಿನ್ನ ಕಣ್ಣು ನನ್ನ ಮೇಲಿರಲಿಲ್ಲ, ಕೆಳಗಿನಿಂದ ಮೇಲಕ್ಕೆ ಓಡುತ್ತಿತ್ತು. ಏನೋ ನೋಡುತ್ತಿದ್ದೆ. ಇನ್ನೊಮ್ಮೆ ಹೇಳೋಣ ಅಂದುಕೊಂಡೆ. ಇನ್ನೊಮ್ಮೆ ಹೇಳಲು ಆಗಲಿಲ್ಲ.

ಕೈ ನೋಯುತ್ತಿದೆ. ಎಡಗೈಗೆ ಇದು ಅಭ್ಯಾಸವಿಲ್ಲ.

ಸಟೇಕಿ


ಶೆಪ್ಪರ್ಟನ್
ಅಕ್ಟೋಬರ್ 13

ಸಾನೆ,

ಸೆಪ್ಟೆಂಬರ್ ಪೂರ್ತಿ ನಿನ್ನ ಕಾಗದ ಬರಲಿಲ್ಲ. ನಮ್ಮ ಕಡೆಯಿಂದ ಯಾರಾದರೂ ಬಂದರು ಅಂದರೆ ನಾನು ಚರ್ಚಿನ ಬಾಗಿಲಲ್ಲಿ ನಿಂತಿರುತ್ತಿದ್ದೆ. ಒಬ್ಬರು ಒಣಮೀನು ತಂದರು, ಒಬ್ಬರು ಚಾಪೆ ತಂದರು. ನನಗೇನಾದರೂ ಇದೆಯೇ ಎಂದು ಕೇಳುವ ಮೊದಲೇ ಇಲ್ಲ ಎಂದು ತಲೆಯಾಡಿಸುತ್ತಿದ್ದರು. ಮರಸೇಬಿನ ಗಿಡಗಳೆಲ್ಲ ಹೂ ಬಿಟ್ಟು ಮುಗಿದವು. ತೋಟ ಬೆಳ್ಳಗೆ ತುಂಬಿಕೊಂಡಿತ್ತು. ಮೊದಲಾಗಿದ್ದರೆ ಫೋನ್ ತಿರುಗಿಸಿ ತೋರಿಸುತ್ತಿದ್ದೆ, ನೀನು "ಚೆನ್ನಾಗಿದೆ" ಅನ್ನುತ್ತಿದ್ದೆ, ಮುಗಿಯುತ್ತಿತ್ತು. ಈ ಸಲ ನಾನೊಬ್ಬನೇ ಹೋಗಿ ನಿಂತು ನೋಡಿದೆ, ನಿನಗೆ ಹೇಗೆ ಬರೆಯುವುದು ಎಂದು. ಬರೆಯಲಾಗಲಿಲ್ಲ. ಜೇನುಹುಳುಗಳ ಸದ್ದು ಬಹಳ ಇತ್ತು. ಅಷ್ಟು ಮಾತ್ರ ಬರೆಯಬಲ್ಲೆ.

ಎಡಗೈ ಈಗ ಮೊದಲಿಗಿಂತ ವಾಸಿ. ಕೆಲೆಪಿ ಚಿಕ್ಕಪ್ಪ ಸಂಜೆ ಮುಂದೆ ಕೂರಿಸಿಕೊಂಡು ತಿದ್ದಿಸುತ್ತಾರೆ. "ಇದು ಅಕ್ಷರವೇನೋ, ಕೋಳಿ ಕೆದರಿದ್ದೇನೋ?" ಅನ್ನುತ್ತಾರೆ. ಒಂದೆರಡು ಒಳ್ಳೆಯ ಮಾತು ಸೇರಿಸಲೇ ಎಂದು ಪ್ರತಿ ಸಲ ಕೇಳುತ್ತಾರೆ. ಬೇಡ ಅಂದಿದ್ದೇನೆ.

ಹೋದ ವಾರ ಕೇಬಲ್ ಸರಿಯಾಯಿತು. ಹಾಅಪೈ ಹುಡುಗರು ಕೂಗಿಕೊಂಡು ಕುಣಿದರು. ನಾನೂ ಫೋನ್ ತೆಗೆದೆ. ನಿನ್ನ ಹೆಸರಿನ ಪಕ್ಕ ಹಸಿರು ಚುಕ್ಕೆ ಇತ್ತು. ಕರೆ ಮಾಡಿದೆ. ತೆರೆಯ ತುಂಬ ಒಂದೇ ಒಂದು ಕಣ್ಣು. ಅಮ್ಮ.

"ಸಾನೆ ಎಲ್ಲಮ್ಮಾ?"

"ಅವಳಮ್ಮನ ಮನೆಗೆ ಹೋದ್ಲು. ಉಯಿಹಾ ದ್ವೀಪಕ್ಕೆ. ಫೋನ್ ನನ್ನ ಕೈಲಿಟ್ಟು ಹೋದ್ಲು."

"ಯಾವಾಗ ಬರ್ತಾಳೆ?"

"ನನ್ನ ಕೇಳ್ತೀಯಾ? ಮೊದ್ಲು ಕೈ ತೋರ್ಸು."

ತೋರಿಸಿದೆ. ಹತ್ತಿರ ತಾ ಅಂದರು, ತಂದೆ. ಆಮೇಲೆ, "ಚಿಕ್ಕವನಿದ್ದಾಗ್ಲೂ ಹೀಗೇ. ಎಲ್ಲಾದ್ರೂ ಬಿದ್ದು ಬಂದ್ರೆ ದೋಣಿ ಕೆಳಗೆ ಅವಿತ್ಕೊಳ್ಳೋನು. ನಾನು ಊರೆಲ್ಲ ಹುಡುಕ್ಬೇಕು" ಎಂದು ಅಳುವುದಕ್ಕೆ ಶುರುಮಾಡಿದರು.

ನೀನು ಸಿಟ್ಟಿನಿಂದ ಹೋಗಿದ್ದೀಯ ಎಂದು ನನಗೆ ಗೊತ್ತು. ಐದು ತಿಂಗಳು ಮುಚ್ಚಿಟ್ಟವನ ಮೇಲೆ ಯಾರಿಗಾದರೂ ಸಿಟ್ಟು ಬರುತ್ತದೆ. ನಿನ್ನ ಅಮ್ಮನ ನಂಬರು ನನ್ನ ಬಳಿ ಇದೆ. ಕರೆ ಮಾಡುವುದಿಲ್ಲ. ಮಾಡಿದರೆ ನೀನು ಬರಬೇಕು, ಮುಖ ತೋರಿಸಬೇಕು, ಸಿಟ್ಟಿಲ್ಲ ಅನ್ನಬೇಕು. ನಿನ್ನಿಂದ ಅದನ್ನು ಹೇಳಿಸಿಕೊಳ್ಳುವುದು ನನಗೆ ಬೇಕಿಲ್ಲ.

ಇನ್ನೊಂದು ವಿಷಯ. ನವೆಂಬರಿನಲ್ಲಿ ನಮ್ಮ ತಂಡ ಊರಿಗೆ ಹೊರಡುತ್ತದೆ. ಶೆಡ್ಡಿನ ಕೆಲಸಕ್ಕೆ ಬೇಕಿದ್ದರೆ ಇನ್ನೂ ಒಂದು ವರ್ಷ ಇರು ಎಂದು ಮೇಲ್ವಿಚಾರಕ ಹೇಳಿದ್ದಾರೆ. ನಾನು ಇದ್ದುಬಿಡಬೇಕೆಂದು ಯೋಚಿಸುತ್ತಿದ್ದೇನೆ. ಸಾನೆ, ನಾನು ಬಂದು ಏನು ಮಾಡಲಿ? ಗೆಣಸಿನ ಗುಂಡಿ ತೋಡಬೇಕು, ದೋಣಿಗೆ ಹುಟ್ಟು ಹಾಕಬೇಕು, ಬಲೆ ಎಳೆಯಬೇಕು. ಊರಿನವರು ಅಯ್ಯೋ ಪಾಪ ಅನ್ನುವುದನ್ನು ಕೇಳಿಕೊಂಡು ನೀನು ಪಕ್ಕದಲ್ಲಿ ನಿಂತಿರಬೇಕು. ಇಲ್ಲಿ ಹಣ್ಣು ಉರುಳಿಸುವುದಕ್ಕೆ ಮೂರು ಬೆರಳು ಸಾಕು.

ನವೆಂಬರ್ ಮೊದಲ ವಾರ ಹೇಳಬೇಕು. ನೀನು ಏನೂ ಬರೆಯದಿದ್ದರೆ ಇರು ಅಂದ ಹಾಗೆ ಅಂದುಕೊಳ್ಳುತ್ತೇನೆ. ಬೇಜಾರು ಮಾಡಿಕೊಳ್ಳುವುದಿಲ್ಲ.

ಇದು ಸುಳ್ಳು. ಮಾಡಿಕೊಳ್ಳುತ್ತೇನೆ.

ಸಟೇಕಿ


ಉಯಿಹಾ
ಅಕ್ಟೋಬರ್ 29

ಸಟೇಕಿ,

ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಇದ್ದಿದ್ದರೆ ಮನೆಯಲ್ಲೇ ಇರುತ್ತಿದ್ದೆ. ಅತ್ತೆಯ ಮುಂದೆ ನಿನ್ನನ್ನು ಬೈದು ಬೈದು ಹಗುರಾಗುತ್ತಿದ್ದೆ. ಬೈಯುವುದಕ್ಕೆ ನನ್ನ ಬಾಯಿ ಏಳಲಿಲ್ಲ, ಅದಕ್ಕೇ ಇಲ್ಲಿಗೆ ಬಂದೆ.

ಆ ದಿನ ನಾನು ಏನು ನೋಡುತ್ತಿದ್ದೆ ಎಂದು ನನಗೆ ನೆನಪಿದೆ. ನಿನ್ನ ಕಾಗದ ಓದಿದ ಕೂಡಲೇ ನೆನಪಾಯಿತು, ಮರೆತಿದ್ದರೆ ಎಷ್ಟು ಚೆನ್ನಾಗಿತ್ತು. ರಾಜಧಾನಿಯ ಯಾವಳೋ ಒಬ್ಬಳು, ನನಗೆ ಗುರುತೂ ಇಲ್ಲ, ಅವಳ ಮದುವೆಯ ದಿನಕ್ಕೆ ಗಂಡ ಮೂರು ಅಂತಸ್ತಿನ ಕೇಕು ತಂದಿದ್ದ. ಅದರ ಫೋಟೋಗಳು. ಒಂದಾದ ಮೇಲೆ ಒಂದು ಸರಿಸುತ್ತಾ ಹೋದೆ. ಅವನು ಅವಳ ಹೆಗಲು ಹಿಡಿದುಕೊಂಡ ರೀತಿ ನೋಡುತ್ತಿದ್ದೆ. ನನ್ನವನು ನನಗೆ ಏನು ಕೊಟ್ಟ ಎಂದು ಯೋಚಿಸುತ್ತಿದ್ದೆ. ಆಗ ನೀನು ನನ್ನ ಮುಂದೆಯೇ ಇದ್ದೆ, ಜಜ್ಜಿದ ಕೈ ಮಡಿಲಲ್ಲಿಟ್ಟುಕೊಂಡು. ನಾನು ಹ್ಞೂಂ ಅಂದೆ.

ನೀನು ಅದನ್ನು ದೂರಿ ಬರೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಸುಮ್ಮನೆ ನಡೆದದ್ದು ಹೇಳಿದ ಹಾಗೆ ಬರೆದಿದ್ದೀಯ. ಏನು ಉತ್ತರ ಬರೆಯಲಿ? ದಿನವೂ ಕೂರುತ್ತಿದ್ದೆ, ಸಟೇಕಿ ಎಂದು ಬರೆದು ನಿಲ್ಲಿಸುತ್ತಿದ್ದೆ. ದಿನವೆಲ್ಲ ನಿನ್ನನ್ನು ನೋಡುತ್ತಿದ್ದೇನೆ ಎಂದು ತಿಳಿದಿದ್ದವಳು ನಾನು. ಗಂಡನಿಗೆ ಬಲಗೈ ಆಡುವುದಿಲ್ಲವೆಂದು ಐದು ತಿಂಗಳು ಗೊತ್ತಾಗಲಿಲ್ಲ.

ನಿನ್ನ ಕೊನೆಯ ಕಾಗದವನ್ನು ಇಲ್ಲಿಗೆ ತಂದದ್ದು ಯಾರು ಹೇಳು. ನಿನ್ನ ಅಮ್ಮ! ಚರ್ಚಿಗೆ ನಾಲ್ಕು ಹೆಜ್ಜೆ ನಡೆಯಲಾರದವರು, ದೋಣಿ ಹತ್ತಿ, ಒದ್ದೆ ಲಂಗ ಎತ್ತಿಕೊಂಡು, ಕೋಲೂರಿಕೊಂಡು ನಮ್ಮಮ್ಮನ ಅಂಗಳಕ್ಕೆ ಬಂದು ನಿಂತರು. ಅಮ್ಮ ಓಡಿಹೋಗಿ ಎಳನೀರು ಕೊಟ್ಟರೆ ಕುಡಿಯಲಿಲ್ಲ. ನನಗೇ ಹೇಳಿದರು.

"ಓದು. ನಾನು ಓದ್ಸಿಕೊಂಡೆ. ಬೈತೀಯೋ ಹೊಡೀತೀಯೋ, ಅವನ್ನ ಇಲ್ಲಿಗೆ ಕರ್ಸಿ ಮಾಡು. ನನ್ನ ಮಗ ದಡ್ಡ. ನೀನೂ ಅವನ ಜೊತೆ ಸೇರ್ಕೊಂಡು ದಡ್ಡಿ ಆಗ್ಬೇಡ."

"ನನಗೆ ಮುಖ ಇಲ್ಲ ಅತ್ತೆ" ಎಂದೆ.

"ಮುಖ ಕಟ್ಕೊಂಡು ಏನ್ಮಾಡ್ತೀಯ? ಅಕ್ಕಪಕ್ಕದಲ್ಲಿ ಮಲ್ಗೋರಿಗೆ ಮುಖ ಯಾಕೆ?" ಎಂದರು. ನಮ್ಮಮ್ಮ ನಾಚಿಕೊಂಡು ಒಳಗೆ ಹೋದಳು.

ಆ ಕಾಗದ ಓದಿದ ಮಾರನೆಯ ದಿನ ಒಂದು ಕೆಲಸ ಮಾಡಿದೆ. ಬಲಗೈಯ ಎರಡು ಬೆರಳಿಗೆ ಕಡ್ಡಿ ಇಟ್ಟು ಬಟ್ಟೆ ಸುತ್ತಿಕೊಂಡೆ, ಮಡಚದ ಹಾಗೆ. ಹಾಗೇ ದಿನವೆಲ್ಲ ಕೆಲಸ ಮಾಡಿದೆ. ಏನಾಯಿತೆಂದು ಬರೆಯುತ್ತೇನೆ, ಕೇಳು. ಮರಗೆಣಸು ಸುಲಿಯುವಾಗ ಹೆಬ್ಬೆರಳು ಕೊಯ್ದುಕೊಂಡೆ. ಗುದ್ದಲಿ ಹಿಡಿಯಬಹುದು, ಮೊದಲು ಜಾರುತ್ತದೆ, ಹಿಡಿಕೆಗೆ ಹಗ್ಗ ಸುತ್ತಿದರೆ ಜಾರುವುದಿಲ್ಲ. ಹುಟ್ಟು ಹಾಕಬಹುದು, ದೋಣಿ ಸ್ವಲ್ಪ ಎಡಕ್ಕೆ ಹೋಗುತ್ತದೆ. ಕೇದಗೆಯ ಗರಿ ಹೆಣೆಯಲು ಸ್ವಲ್ಪವೂ ಆಗುವುದಿಲ್ಲ, ಆದರೆ ಅದು ನಿನ್ನ ಕೆಲಸವಲ್ಲ. ತೆಂಗಿನಕಾಯಿ ಸುಲಿಯಲು ಇನ್ನೊಬ್ಬರು ಬೇಕು. ತಲೆ ಬಾಚಿಕೊಳ್ಳುವುದು ಕಷ್ಟ. ಸಂಜೆ ಹೊತ್ತಿಗೆ ಮೊಣಕೈಯವರೆಗೆ ಸೆಳೆತ ಬಂದು, ಹಿತ್ತಿಲಲ್ಲಿ ಕೂತು ಅತ್ತುಬಿಟ್ಟೆ. ನೋವಿಗಲ್ಲ. ಇದನ್ನೆಲ್ಲ ನೀನು ಅಲ್ಲಿ ಒಬ್ಬನೇ ಕಲಿತೆ, ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನೂ.

ನೀನು ಏನೂ ಬರೆಯದಿದ್ದರೆ ಇರು ಅಂದ ಹಾಗೆ ಅಂದೆಯಲ್ಲ. ಬರೆದಿದ್ದೇನೆ. ಬಾ.

ಅಮ್ಮನ ಫೋನ್ ಕೈಗೆ ತೆಗೆದುಕೊಂಡು ಕೆಳಗಿಟ್ಟೆ. ತೆರೆಯಲ್ಲಿ ನೀನು ನಕ್ಕುಬಿಡುತ್ತೀಯ, "ನಂಗೇನಾಗಿದೆ, ಚೆನ್ನಾಗೇ ಇದೀನಿ" ಅನ್ನುತ್ತೀಯ, ನಾನು ನಂಬಿಬಿಡುತ್ತೇನೆ. ನನಗೆ ಆ ಸಟೇಕಿ ಬೇಡ. ರಾತ್ರಿ ಮಗ್ಗುಲು ಬದಲಿಸುವಾಗ ಚಾಪೆಯನ್ನೆಲ್ಲ ಎಳೆದುಕೊಳ್ಳುವವನು ಬೇಕು. ನಿನ್ನ ಕಡೆಯ ಚಾಪೆ ಮಡಚಿದ ಹಾಗೇ ಇದೆ. ಒಂದೊಂದು ದಿನ ಅದರ ಮೇಲೆ ಕೈ ಹಾಕಿ ಮಲಗುತ್ತೇನೆ, ತಣ್ಣಗಿರುತ್ತದೆ.

ನಾಳೆ ಅತ್ತೆಯ ಜೊತೆ ಫೋವಾಗೆ ಹೊರಡುತ್ತಿದ್ದೇನೆ. ಈ ಕಾಗದ ರಾಜಧಾನಿಗೆ ಹೋಗುವ ಟೀಚರ್ ಕೈಯಲ್ಲಿ. ಅಲ್ಲಿಂದ ಯಾರಾದರೂ ಸಿಗುತ್ತಾರೆ ಅಂದಿದ್ದಾರೆ. ಬೇಗ ಸಿಗಲಿ.

ನಿನ್ನ
ಸಾನೆ


ನುಕುಅಲೋಫಾ, ಹಡಗುಕಟ್ಟೆ
ನವೆಂಬರ್ 21

ಸಾನೆ,

ನಾನು ಟೋಂಗಾದಲ್ಲಿದ್ದೇನೆ, ರಾಜಧಾನಿಯಲ್ಲಿ. ಗಾಳಿ ಜೋರಾಗಿದೆಯೆಂದು ನಮ್ಮ ಕಡೆಯ ಹಡಗು ಬಿಟ್ಟಿಲ್ಲ. ಇವತ್ತು ಬಿಡುತ್ತಾರೆ, ನಾಳೆ ಬಿಡುತ್ತಾರೆ ಎಂದು ಜನರೆಲ್ಲ ಗಂಟುಮೂಟೆ ಕಟ್ಟಿಕೊಂಡು ಇಲ್ಲೇ ಮಲಗಿದ್ದೇವೆ. ಆಸ್ಟ್ರೇಲಿಯಾದಲ್ಲಿದ್ದಾಗ ಇಷ್ಟು ಕಷ್ಟವಾಗಿರಲಿಲ್ಲ. ಇಲ್ಲಿಂದ ಒಂದು ರಾತ್ರಿಯ ದಾರಿ, ಅದನ್ನು ದಾಟಲಾಗುತ್ತಿಲ್ಲ.

ನಿನ್ನ ಕಾಗದದ ಕತೆ ಹೇಳಬೇಕು. ನಾನು ಇನ್ನೂ ಒಂದು ವರ್ಷ ಇರುತ್ತೇನೆಂದು ಮೇಲ್ವಿಚಾರಕನಿಗೆ ಹೇಳಿ ಬಂದಿದ್ದೆ. ಮಾರನೆಯ ದಿನ ಊಟದ ಹೊತ್ತಿಗೆ ಕೆಲೆಪಿ ಚಿಕ್ಕಪ್ಪ ಕಾರಿನಲ್ಲಿ ಬಂದು ಶೆಡ್ಡಿನ ಬಾಗಿಲಲ್ಲಿ ಕಾಗದ ಎತ್ತಿ ಹಿಡಿದರು. ಹಣ್ಣು ಸಾಗಿಸುವ ಬೆಲ್ಟು ಓಡುತ್ತಲೇ ಇತ್ತು. ಅಲ್ಲೇ ನಿಂತು ಓದಿದೆ. ನೀನು ಬೆರಳಿಗೆ ಬಟ್ಟೆ ಸುತ್ತಿಕೊಂಡ ಜಾಗಕ್ಕೆ ಬಂದಾಗ ಮುಂದಕ್ಕೆ ಓದಲಾಗದೆ ಹೊರಗೆ ಹೋದೆ. ಆಮೇಲೆ ಮೇಲ್ವಿಚಾರಕನ ಹತ್ತಿರ ಹೋದೆ.

"ನಾನು ಊರಿಗೆ ಹೋಗ್ತೀನಿ" ಎಂದೆ.

"ನಿನ್ನೆ ತಾನೆ ಇರ್ತೀನಿ ಅಂದ್ಯಲ್ಲಪ್ಪಾ?"

"ನಿನ್ನೆ ಕಾಗದ ಬಂದಿರ್ಲಿಲ್ಲ."

ಆತ ನನ್ನ ಮುಖ ನೋಡಿ ಸರಿ ಎಂದ.

ಇಲ್ಲಿ ನೆಟ್ ಚೆನ್ನಾಗಿದೆ. ಅಕ್ಕಪಕ್ಕದವರೆಲ್ಲ ಮನೆಯವರಿಗೆ ಹಡಗು ತೋರಿಸುತ್ತಿದ್ದಾರೆ. ಹಾಸಿಗೆ ಸುರುಳಿ, ಎರಡು ಹಂದಿಮರಿ ಇಟ್ಟುಕೊಂಡು ಒಬ್ಬ ಮುದುಕಿ ನನ್ನ ಪಕ್ಕ ಕೂತಿದ್ದಾಳೆ. ನಾನು ಎಡಗೈಯಲ್ಲಿ ಬರೆಯುವುದನ್ನು ಬಗ್ಗಿ ಬಗ್ಗಿ ನೋಡಿ ಈಗಷ್ಟೇ ಕೇಳಿದಳು.

"ಯಾರಿಗೋ ಅದು?"

"ಹೆಂಡ್ತಿಗೆ ಅಜ್ಜಿ."

"ಎಲ್ಲಿದಾಳೆ?"

"ಫೋವಾದಲ್ಲಿ."

"ನೀನೂ ಅಲ್ಲಿಗೇ ಹೋಗ್ತಿದೀಯ! ಯಾರು ತಗೊಂಡೋಗಿ ಕೊಡ್ತಾರೆ?"

"ನಾನೇ."

"ಬಾಯಲ್ಲಿ ಹೇಳೋಕೆ ಏನು ರೋಗ ನಿಂಗೆ?" ಎಂದು ಹಂದಿಮರಿಯ ಕಡೆ ತಿರುಗಿಕೊಂಡಳು. ಅದಕ್ಕೆ ಉತ್ತರ ನಿನಗೆ ಹೇಳುತ್ತೇನೆ. ಎದುರಿಗೆ ನಿಂತರೆ ನಾನು ತಮಾಷೆ ಮಾಡಿಬಿಡುತ್ತೇನೆ. ಅಮ್ಮ ಅಳುತ್ತಾರೆ, ನೆರೆಯವರು ಬರುತ್ತಾರೆ, ಊಟಕ್ಕೆ ಕೂರಿಸುತ್ತಾರೆ. ಹೇಳಬೇಕಾದದ್ದು ಉಳಿದುಹೋಗುತ್ತದೆ.

ಹೇಳಬೇಕಾದದ್ದು ಇಷ್ಟು. ನನಗೆ ಭಯವಾಗಿದೆ ಸಾನೆ. ಕೈ ನೋಡಲು ಚೆನ್ನಾಗಿಲ್ಲ. ಗಾಯ ಮಾಗಿದೆ, ಆದರೆ ಚರ್ಮ ಒಂದು ಕಡೆ ಎಳೆದುಕೊಂಡಿದೆ. ಚಳಿಗೆ ನೀಲಿಯಾಗುತ್ತದೆ. ನೀನು ಮೊದಲ ಸಲ ಮುಟ್ಟುವಾಗ ಬೆಚ್ಚಿಬೀಳಬಹುದು. ಬಿದ್ದರೆ ಬೀಳು, ಬಚ್ಚಿಡಬೇಡ. ನಾನೂ ಇನ್ನು ಬಚ್ಚಿಡುವುದಿಲ್ಲ. ಕೆಲವು ದಿನ ನಾನು ಮಾತಾಡದೆ ಸಮುದ್ರ ನೋಡುತ್ತಾ ಕೂರಬಹುದು. ಅದು ನಿನ್ನ ಮೇಲಿನ ಕೋಪವಲ್ಲ. ಹಾಗೆ ಕೂತಾಗ ಪಕ್ಕದಲ್ಲಿ ಬಂದು ಕೂರು, ಏನೂ ಕೇಳಬೇಡ.

ಮುಂದಿನ ವರ್ಷ ಹೋಗುತ್ತೇನೋ ಇಲ್ಲವೋ ಗೊತ್ತಿಲ್ಲ. ನಾವಿಬ್ಬರೂ ಕೂತು ಯೋಚಿಸೋಣ. ಹೋದರೆ ಬರೆಯುತ್ತೇನೆ.

ಹಡಗು ಬಿಡುತ್ತಾರಂತೆ, ಹತ್ತಿ ಹತ್ತಿ ಎಂದು ಕೂಗುತ್ತಿದ್ದಾರೆ. ಅಜ್ಜಿ ಒಂದು ಹಂದಿಮರಿಯನ್ನು ನನ್ನ ಮಡಿಲಿಗೆ ಹಾಕಿ "ಹಿಡ್ಕೋ" ಎಂದು ಎದ್ದು ನಿಂತಿದ್ದಾಳೆ. ಇನ್ನು ಬರೆಯಲಾಗದು.

ಮನೆಗೆ ಬಂದ ಕೂಡಲೇ ಇದನ್ನು ನಿನ್ನ ಕೈಗೆ ಕೊಟ್ಟು ನಾನು ಹೊರಗೆ ಬೇಲಿಯ ಹತ್ತಿರ ನಿಂತಿರುತ್ತೇನೆ. ಅವಸರವಿಲ್ಲ, ನಿಧಾನವಾಗಿ ಓದು. ಓದಿ ಮುಗಿದ ಮೇಲೆ ಒಳಗಿಂದ ಒಮ್ಮೆ ಕೂಗು.

ಸಟೇಕಿ